ಜೋಕುಮಾರನ ಧೋತರ ಮತ್ತು ನನ್ನ ಅನುವಾದ

ನಾನು ಸುಳ್ಳು ಹೇಳುವವಳಲ್ಲ. ಹೇಳಿದ್ದು ಒಂದೇ ಒಂದು. ಅದೂ ಇಂಗ್ಲಿಷಿನಲ್ಲಿ. ಆದರೆ ಆ ಒಂದು ಸುಳ್ಳನ್ನು ನಮ್ಮೂರ ಶಾಲೆಯವರು ಕನ್ನಡದಲ್ಲಿ ಗುಲಾಬಿ ಬಣ್ಣದ ಕಾಗದದ ಮೇಲೆ ಪ್ರಿಂಟ್ ಮಾಡಿಸಿ, ರಾಜ್ಯೋತ್ಸವದ ದಿನ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಹಂಚಿದರು.

ನಿಮ್ಮ ಯಾವ ಸುಳ್ಳಿಗಾದರೂ ಇಷ್ಟು ಗೌರವ ಸಿಕ್ಕಿದೆಯೇ?

ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಜೂನ್‌ನಲ್ಲಿ ನೆದರ್‌ಲ್ಯಾಂಡ್ಸಿನ ಹುಡುಗಿಯೊಬ್ಬಳು ಆರು ತಿಂಗಳ ಮಟ್ಟಿಗೆ ವಾಲಂಟಿಯರ್ ಆಗಿ ಸುರಪುರಕ್ಕೆ ಬಂದಳು. ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಲಿಸುವುದು ಅವಳ ಕೆಲಸ. ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆ ಖಾಲಿ ಇತ್ತು. ನಾನು ಶಹಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಗೆಸ್ಟ್ ಲೆಕ್ಚರರ್. ಅಂದಮೇಲೆ ಅವಳು ಬೇರೆಲ್ಲಿ ಇರಲು ಸಾಧ್ಯ? ಯಾದಗಿರಿ ಸ್ಟೇಷನ್ನಿನಿಂದ ಅವಳನ್ನು ಕರೆತಂದ ದಿನವೇ ಓಣಿ ತೀರ್ಮಾನಿಸಿಬಿಟ್ಟಿತು. ಅವಳು ಕೇಳಬೇಕು, ನಾನು ಅರ್ಥ ಹೇಳಬೇಕು.

ಹೆಸರು ಅನ್ನೆಕೆ. ಎರಡೇ ದಿನದಲ್ಲಿ ಓಣಿಯವರು ಅವಳನ್ನು ಅನ್ನಕ್ಕ ಮಾಡಿದರು. ನಮ್ಮ ಬಾಗಿಲಿಗಿಂತ ಎತ್ತರ. ಕೈಯಲ್ಲಿ ಸದಾ ನೀಲಿ ರಟ್ಟಿನ ನೋಟ್‌ಬುಕ್. ತಲೆಯಲ್ಲಿ ಬಂದ ಪ್ರಶ್ನೆ ಬಾಯಿಗೆ ಬರಲು ಅವಳಿಗೆ ಅರ್ಧ ಸೆಕೆಂಡ್ ಸಾಕು. ಬಂದ ವಾರವೇ ನಮ್ಮ ಅಪ್ಪನನ್ನು ಕೇಳಿದಳು: "ನಿಮಗೆ ಒಬ್ಬಳೇ ಮಗಳು. ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ 'ಆಂಡ್ ಸನ್ಸ್' ಅಂತ ಯಾಕಿದೆ?"

ಅಪ್ಪ ಮೂರು ದಿನ ಬೋರ್ಡಿನ ಕಡೆ ನೋಡಲಿಲ್ಲ.

ನಾನೋ, ಇದಕ್ಕೆ ಪೂರ್ತಿ ಉಲ್ಟಾ. ಒಣಹಾಕಿದ ಕೆಲವು ಬಟ್ಟೆಗಳ ಮೇಲೆ ಟವೆಲ್ ಹೊದಿಸುವವಳು. ಬಸ್ಸಿನಲ್ಲಿ ಪಕ್ಕದವರು "ಮದುವಿ ಆಗ್ಯಾದೇನ್ರಿ?" ಅಂದರೆ ನನ್ನ ಸ್ಟಾಪಿಗಿಂತ ಮೊದಲೇ ಇಳಿದುಬಿಡುವವಳು. (ಹಾಗೆ ಇಳಿದು ಒಮ್ಮೆ ಎರಡು ಕಿಲೋಮೀಟರ್ ನಡೆದಿದ್ದೇನೆ.)

ಮೊದಲ ಮೂರು ತಿಂಗಳು ಏನೂ ತೊಂದರೆ ಆಗಲಿಲ್ಲ. ನಾಗರಪಂಚಮಿಗೆ ಏಳು ಮನೆಗಳ ಎಳ್ಳು-ಶೇಂಗಾ ಉಂಡಿ ತಿಂದಳು. ಜೋಕಾಲಿ ಹತ್ತುವ ಮೊದಲು ಹಗ್ಗ ಎಷ್ಟು ಕಿಲೋ ತಡೆಯುತ್ತದೆ ಎಂದು ವಿಚಾರಿಸಿದಳು. ನಾನು ಅನುವಾದಿಸಿದೆ. ನಮ್ಮ ಮನೆಯಲ್ಲೇ ಇರುವ ನನ್ನ ಸೋದರತ್ತೆ, ಕೊಡೇಕಲ್‌ನಲ್ಲಿ ಸಂಸಾರ ಮಾಡಿ ಬಂದವಳು, ಹಗ್ಗ ಜಗ್ಗಿ ತೋರಿಸಿದಳು.

"ಹೋದ ವರ್ಷ ಇದರ ಮ್ಯಾಲೆ ನಾನು, ನಮ್ಮ ನೆಗೆಣ್ಣಿ, ಇಬ್ಬರೂ ಕೂಡಿ ಜೀಕೀವಿ. ನೀ ಕಡ್ಡಿ ಇದ್ದಂಗ ಇದ್ದಿ. ಹತ್ತು!"

ಇಂಥ ಮಾತುಗಳನ್ನು ಅನುವಾದಿಸುವುದು ಸುಲಭ. ಸೆಪ್ಟೆಂಬರ್‌ನಲ್ಲಿ ಜೋಕುಮಾರ ಬಂದ.

ಗೊತ್ತಿಲ್ಲದವರಿಗೆ ಎರಡು ಮಾತು. ಗಣಪ ಹೋದ ಬೆನ್ನಿಗೆ ನಮ್ಮ ಕಡೆ ಜೋಕುಮಾರ ಹುಟ್ಟುತ್ತಾನೆ. ಅವನ ಆಯುಷ್ಯ ಏಳೇ ದಿನ. ನದಿ ದಂಡೆಯ ಅಂಬಿಗರ ಹೆಂಗಸರು ಅವನನ್ನು ಬುಟ್ಟಿಯಲ್ಲಿ ಕೂರಿಸಿ ಮನೆಮನೆಗೆ ಹೊತ್ತು ತಿರುಗಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ಕೊಟ್ಟು, ಅವನ ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ಗಣಪ ಕಡುಬು ತಿಂದು, ಮೇಲೆ ಹೋಗಿ ಎಲ್ಲರೂ ಸುಖವಾಗಿದ್ದಾರೆ ಅನ್ನುತ್ತಾನಂತೆ. ಜೋಕುಮಾರ ಹೊಲ ಒಣಗಿದ್ದನ್ನು ನೋಡಿ ಹೋಗಿ ಹೇಳುತ್ತಾನೆ. ಆಗ ಮಳೆ ಬರುತ್ತದೆ.

ಇಷ್ಟನ್ನು ಅನ್ನೆಕೆಗೆ ನಿಜವನ್ನೇ ಹೇಳಿದೆ. ಹೇಳದೆ ಬಿಟ್ಟಿದ್ದು ಒಂದಿತ್ತು. ಈ ಜೋಕುಮಾರ ಮಹಾ ಪೋಲಿ. ಅವನ ಹಾಡುಗಳು ಅವನಿಗಿಂತ ಪೋಲಿ. ಅವರು ಹಾಡಲು ಕೂತರೆ ನಮ್ಮ ಓಣಿಯ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಕೆಲಸ ನೆನಪಾಗುತ್ತದೆ. ಅಪ್ಪ ಅಂಗಡಿಯೊಳಗೆ ಹೋಗಿ ತಕ್ಕಡಿ ಒರೆಸುತ್ತಾರೆ. ವರ್ಷದಲ್ಲಿ ನಮ್ಮ ತಕ್ಕಡಿ ಅಷ್ಟು ಹೊಳೆಯುವುದು ಆ ಒಂದೇ ದಿನ.

ಹಣಮವ್ವ ಬಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಉಳಿದ ದಿನ ಸಂತೆಯಲ್ಲಿ ಮೀನು ಮಾರುವ ಹಣಮವ್ವ ಈ ಏಳು ದಿನ ದೇವರನ್ನು ಹೊರುತ್ತಾಳೆ. ಜೊತೆಗೆ ನಾಲ್ಕು ಹೆಂಗಸರು. ಬುಟ್ಟಿಯೊಳಗೆ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರ, ಮೀಸೆ ಸಮೇತ. ಅವನನ್ನು ಮಾಡುವಾಗ ಕುಂಬಾರರು ಯಾವುದಕ್ಕೂ ನಾಚಿಕೊಳ್ಳುವುದಿಲ್ಲ. ನಾಚುವ ಕೆಲಸವನ್ನು ಬೇವಿನ ಸೊಪ್ಪಿಗೆ ಬಿಟ್ಟಿರುತ್ತಾರೆ.

ಅನ್ನೆಕೆ ಸೊಪ್ಪು ಸರಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಸೂರಿನ ಕಡೆ ನೋಡಿದೆ.

ಹಾಡು ಶುರುವಾಯಿತು. ಕತೆ ಸರಳ. ಗೌಡ ಊರಲ್ಲಿಲ್ಲ. ಗೌಡತಿ ಮನೆಯಲ್ಲಿದ್ದಾಳೆ. ಜೋಕುಮಾರ ಅಟ್ಟ ಹತ್ತುತ್ತಾನೆ. ಗೌಡತಿಯೂ ಹತ್ತುತ್ತಾಳೆ. ಇಳಿಯುವಾಗ ಅವನ ಮೈಮೇಲೆ ಧೋತರ ಇಲ್ಲ. ಒಟ್ಟು ಹನ್ನೊಂದು ನುಡಿ. ಮೊದಲೆರಡು ಬಿಟ್ಟರೆ ಉಳಿದದ್ದೆಲ್ಲ ಆ ಧೋತರ ಎಲ್ಲಿ ಹೋಯಿತು ಎಂಬ ತನಿಖೆ. ತನಿಖೆ ಬಹಳ ವಿವರವಾಗಿ ನಡೆಯುತ್ತದೆ.

ಅನ್ನೆಕೆ ಪೆನ್ ತೆಗೆದಳು. "ಅವನು ಅಟ್ಟಕ್ಕೆ ಯಾಕೆ ಹೋದ?"

ಬಾಗಿಲಲ್ಲಿ ಅತ್ತೆ. ಹಣೆ ತುಂಬ ವಿಭೂತಿ. ಈಗಷ್ಟೇ ಪೂಜೆ ಮುಗಿಸಿ ಬಂದಿದ್ದಾಳೆ. ಒಳಗೆ ಅಪ್ಪ. ಎದುರಿಗೆ ಅರ್ಧ ಓಣಿ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ನಿಜ. ಆದರೆ ನನ್ನ ಮುಖ ಓದಲು ಬರುತ್ತದಲ್ಲ?

"ಜೋಳದ ದಾಸ್ತಾನು ನೋಡಲು," ಅಂದೆ.

"ಗೌಡತಿ?"

"ದೀಪ ಹಿಡಿಯಲು."

"ಧೋತರ?"

ಇಲ್ಲಿ ನಾನು ಸತ್ಯ ಹೇಳಬಹುದಿತ್ತು. ಎರಡು ವರ್ಷ ಎಂ.ಎ. ಇಂಗ್ಲಿಷ್ ಓದಿದ್ದೇನೆ, ಶಬ್ದಗಳಿಗೆ ಬರ ಇರಲಿಲ್ಲ. "ಬಡವರಿಗೆ ದಾನ ಮಾಡಿದ," ಅಂದೆ.

"ಅಟ್ಟದ ಮೇಲೆ ಬಡವರಿದ್ದರೇ?"

"ಇಳಿದಮೇಲೆ ಕೊಟ್ಟ."

ಬರೆದುಕೊಂಡಳು. ಕೆಳಗೆ ಗೆರೆ ಎಳೆದಳು. ಹಣಮವ್ವ ಹಾಡು ನಿಲ್ಲಿಸಿ ಅವಳ ಮುಖ ನೋಡಿದಳು.

"ತಂಗಿ, ಅಕಿಗೆ ಏನ್ ಹೇಳಿದಿ? ಬ್ಯಾರೆ ಓಣ್ಯಾಗ ಮೊದಲ್ನೇ ನುಡಿಗೇ ಬಿದ್ದ್ ಬಿದ್ದ್ ನಗ್ತಾರ. ಇಕಿ ಪರೀಕ್ಷಾ ಬರಿಯಾಕತ್ಯಾಳ!"

"ಎಲ್ಲಾ ಹೇಳೀನಬೇ."

"ಎಲ್ಲಾ ಹೇಳಿದ್ರ ನಗ್ತಿದ್ದಳು ಬಿಡು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅನ್ನೆಕೆಗೆ ಹಾಡು ಮನಸ್ಸಿಗೆ ಹಿಡಿಯಿತು. ಉಳಿದ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಬುಟ್ಟಿಯ ಹಿಂದೆಯೇ ಓಣಿ ಓಣಿ ತಿರುಗಿದಳು. ಹನ್ನೊಂದೂ ನುಡಿಗಳನ್ನು ತನ್ನ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ಬೆಳಿಗ್ಗೆ ನಮ್ಮ ಮಾಳಿಗೆಯ ಮೇಲಿನ ಬಾತ್‌ರೂಮಿನಿಂದ ಗೌಡತಿಯ ಕತೆ ಸ್ಪಷ್ಟ ಉಚ್ಚಾರದಲ್ಲಿ ಕೇಳತೊಡಗಿತು. ಅಪ್ಪ ಅಂಗಡಿಯನ್ನು ಅರ್ಧ ಗಂಟೆ ಮೊದಲೇ ತೆರೆಯಲು ಶುರು ಮಾಡಿದರು.

ಅಕ್ಟೋಬರ್‌ನಲ್ಲಿ ಹೆಡ್‌ಮಾಸ್ಟರ್ ನನ್ನನ್ನು ಕರೆಸಿದರು. ಅವರು ಮಂಡ್ಯದ ಕಡೆಯವರು. ಜೋಕುಮಾರನ ಪರಿಚಯ ಅವರಿಗಿಲ್ಲ.

"ಮೇಡಂ, ರಾಜ್ಯೋತ್ಸವಕ್ಕೆ ಅನ್ನೆಕೆಯವರು ಒಂದು ಜನಪದ ಗೀತೆ ಹಾಡ್ತಾರಂತೆ. ಅದನ್ನ ಕಲಿಸಿದ ಅಜ್ಜಿನೂ ಕರೀತಿದ್ದೀವಿ. ವಿದೇಶದವರು ಕನ್ನಡ ಹಾಡೋದು ಅಂದ್ರೆ ಸುಮ್ನೇನಾ? ಅರ್ಥ ಮಾತ್ರ ಎರಡು ಸಾಲು ಬರೆದುಕೊಟ್ಟುಬಿಡಿ, ಶೀಟಲ್ಲಿ ಹಾಕಬೇಕು."

ಇದು ಎರಡನೇ ಅವಕಾಶ. ಬಾಯಿ ತೆರೆದೆ. ಎದುರಿಗೆ ಅರವತ್ತರ ಹತ್ತಿರದ ಗಂಡಸೊಬ್ಬರು, ಕನ್ನಡಕದ ಮೇಲಿನಿಂದ ನೋಡುತ್ತಿದ್ದಾರೆ, ಕೈಯಲ್ಲಿ ಕೆಂಪು ಪೆನ್ನು. ಬಾಯಿ ಮುಚ್ಚಿದೆ. ಕಾಗದ ತೆಗೆದುಕೊಂಡು ಬರೆದೆ: "ದಾನಧರ್ಮ ಹಾಗೂ ಆಹಾರ ಸಂಗ್ರಹಣೆಯ ಮಹತ್ವವನ್ನು ಸಾರುವ ಜನಪದ ಗೀತೆ."

ಆಹಾರ ಸಂಗ್ರಹಣೆ ಯಾಕೆ ಬೇಕಿತ್ತು ಅನ್ನುತ್ತೀರಾ? ಅಟ್ಟ ಇದೆಯಲ್ಲ. ನಾನು ಸುಳ್ಳನ್ನೂ ಅಚ್ಚುಕಟ್ಟಾಗಿಯೇ ಹೇಳುತ್ತೇನೆ.

ಹೊರಗೆ ಬರುವಾಗ ಶಾಲೆಯ ಗೇಟಿನಲ್ಲಿ ಹಣಮವ್ವ ಮೀನಿನ ಬುಟ್ಟಿಯೊಂದಿಗೆ ನಿಂತಿದ್ದಳು. "ಸಾಲಿ ಸ್ಟೇಜ್ ಮ್ಯಾಲೆ ನಮ್ಮ ಹಾಡಂತ, ಖರೇನವ್ವಾ? ಮಗಳನ್ನ ಸಾಲಿಗೆ ಹಚ್ಚಾಗ ಈ ಗೇಟಿನ ತನಕಾ ಬಂದಾಕಿ ನಾನು. ಒಳಗ ಹೋಗಿದ್ದಿಲ್ಲ. ಹೊಸಾ ಸೀರಿ ತರ್ಲೇನು?"

ಈಗ ಹೇಳಿ, ನಾನೇನು ಮಾಡಬೇಕಿತ್ತು? ಹೆಡ್‌ಮಾಸ್ಟರಿಗೆ ನಿಜ ಹೇಳಿದರೆ ಹಣಮವ್ವನ ಸ್ಟೇಜು ಹೋಗುತ್ತದೆ. ಯಾರಿಗೂ ಹೇಳದಿದ್ದರೆ ಅನ್ನೆಕೆ ತುಂಬಿದ ಸಭೆಯಲ್ಲಿ ತನಗೆ ಗೊತ್ತಿಲ್ಲದ್ದನ್ನು ಹಾಡಿ ನಗೆಪಾಟಲಾಗುತ್ತಾಳೆ. ಉಳಿದಿದ್ದು ಒಂದೇ ದಾರಿ: ಅನ್ನೆಕೆಗೆ ಒಬ್ಬಳಿಗೇ ನಿಜ ಹೇಳುವುದು. ಪ್ರಯತ್ನಿಸಿದೆ. ಮಾಳಿಗೆ ಹತ್ತಿ, "ಅನ್ನೆಕೆ, ಆ ಧೋತರದ ವಿಷಯ..." ಅಂದೆ.

"ನನಗೆ ಅದೇ ಭಾಗ ಬಹಳ ಇಷ್ಟ," ಅಂದಳು. "ಭಾಷಣದಲ್ಲಿ ಅದನ್ನೇ ಹೇಳುತ್ತೇನೆ. ನಿನಗೆ ಸರ್‌ಪ್ರೈಸ್."

ಇಳಿದು ಬಂದೆ.

ರಾಜ್ಯೋತ್ಸವದ ದಿನ. ಅಂಗಳದ ತುಂಬ ಕುರ್ಚಿ. ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು. ವೇದಿಕೆಯ ಮೇಲೆ ಹೆಡ್‌ಮಾಸ್ಟರ್, ಇಲಾಖೆಯ ಅಧಿಕಾರಿಯೊಬ್ಬರು, ಹೊಸ ಸೀರೆಯ ಹಣಮವ್ವ. ಎಲ್ಲರ ಕೈಯಲ್ಲೂ ಗುಲಾಬಿ ಕಾಗದ. ನಾನು ಹಿಂದಿನ ಕಂಬಕ್ಕೆ ಅಂಟಿ ನಿಂತಿದ್ದೆ. ಅತ್ತೆ ಮೊದಲ ಸಾಲಿನಲ್ಲಿ. ಅತ್ತೆಯದೇ ಇಳಕಲ್ ಸೀರೆ ಉಟ್ಟು ಅನ್ನೆಕೆ ಮೈಕಿನ ಮುಂದೆ ಬಂದಳು. ಸೀರೆ ಅವಳ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬಂದು ಸುಸ್ತಾಗಿ ನಿಂತಿತ್ತು.

"ಎಲ್ಲಾರಿಗೂ ಶರಣರಿ," ಅಂದಳು. ನಮ್ಮ ಓಣಿಯಲ್ಲೇ ಕಲಿತ ಕನ್ನಡ. "ಜೋಕುಮಾರ ನಿಮಗ ದೇವರು. ನನಗ ಅಂವ ವಾಲಂಟಿಯರ್."

ಚಪ್ಪಾಳೆ. ಹೆಡ್‌ಮಾಸ್ಟರದ್ದೊಂದೇ.

"ಅಂವ ಬ್ಯಾರೆ ಊರಿಂದ ಬರ್ತಾನ. ಪಗಾರ ಇಲ್ಲ. ಗಂಡಸರು ಊರಾಗ ಇಲ್ಲದಾಗ ಮನಿಮನಿಗೆ ಹೋಗಿ ಹೆಣ್ಮಕ್ಕಳಿಗೆ ಸಹಾಯ ಮಾಡ್ತಾನ."

ಹೆಂಗಸರ ಕಡೆಯಿಂದ ಒಂದು ಸಣ್ಣ ಶಬ್ದ ಬಂತು. ಕುಕ್ಕರ್ ಸೀಟಿ ಹೊಡೆಯುವ ಮೊದಲು ಬರುತ್ತದಲ್ಲ, ಅಂಥದ್ದು.

"ಅಟ್ಟ ಹತ್ತತಾನ. ತನ್ನ ಧೋತರಾನೂ ಕೊಟ್ಟು ಬರ್ತಾನ. ತನಗಂತ ಏನೂ ಇಟ್ಟುಕೊಳ್ಳಾಂಗಿಲ್ಲ. ಬರೇ ಬೆಣ್ಣಿ!"

ಗಂಡಸರೆಲ್ಲ ಒಟ್ಟಿಗೆ ಶಾಮಿಯಾನದ ಬಟ್ಟೆಯನ್ನು ಪರೀಕ್ಷಿಸತೊಡಗಿದರು. ಅಧಿಕಾರಿಗಳು ಗುಲಾಬಿ ಕಾಗದವನ್ನು ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ನಾನೂ ಹಂಗ," ಅಂದಳು ಅನ್ನೆಕೆ, ಎದೆಯ ಮೇಲೆ ಕೈ ಇಟ್ಟು. "ನಾನು ಸುರಪುರದ ಹೆಣ್ಣ ಜೋಕುಮಾರ!"

ಕುಕ್ಕರ್ ಸೀಟಿ ಹೊಡೆಯಿತು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು, ಸೆರಗು ಸಾಲದೆ ಪಕ್ಕದವರ ಸೆರಗನ್ನೂ ಎಳೆದುಕೊಂಡರು. ಒಬ್ಬರು ಕುರ್ಚಿಯಿಂದ ಜಾರಿದರು. ಹೆಡ್‌ಮಾಸ್ಟರ್ ಭಾವುಕರಾಗಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹಣಮವ್ವ ಮೈಕು ತನ್ನ ಕಡೆ ಎಳೆದುಕೊಂಡು ಹಾಡು ಎತ್ತಿದಳು. ಏನು ಕಂಠ! ಎರಡನೇ ನುಡಿಗೆ ಅರ್ಧ ಅಂಗಳ ದನಿಗೂಡಿಸಿತು. ಮೀನು ಬುಟ್ಟಿಯವಳು ಗೇಟಿನಾಚೆಯಿಂದ ವೇದಿಕೆಯ ತನಕ ಬಂದಿದ್ದಳು. ಇನ್ನು ಅವಳನ್ನು ಇಳಿಸುವವರು ಯಾರು?

ಅನ್ನೆಕೆಯೂ ಹಾಡಿದಳು. ಆದರೆ ನಾಲ್ಕನೇ ನುಡಿಯ ಹೊತ್ತಿಗೆ ಅವಳ ದನಿ ಸಣ್ಣದಾಯಿತು. ತನಗೆ ತಿಳಿಯದ್ದೇನೋ ಇದೆ ಎಂದು ಅವಳಿಗೆ ತಿಳಿದಿತ್ತು. ಅವಳ ಕಣ್ಣು ಸಾಲುಗಳ ಮೇಲೆ ಹಾದು ನನ್ನನ್ನು ಹುಡುಕಿತು. ನಾನು ಗುಲಾಬಿ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದಿದ್ದೆ.

ಅದೇ ಸಂಜೆ ಅಡುಗೆಮನೆಗೆ ಬಂದು ಕೇಳಿದಳು. "ಯಾಕೆ ನಕ್ಕರು?"

ಹೇಳಿದೆ. ಅಟ್ಟ, ಗೌಡತಿ, ಧೋತರ, ತನಿಖೆಯ ಸಾರಾಂಶ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನೋಟ್‌ಬುಕ್ ಮುಚ್ಚಿದಳು.

"ಹಾಡು ಪೋಲಿ ಅಂತ ನನಗೆ ಬೇಸರವಿಲ್ಲ," ಅಂದಳು. "ಇಡೀ ಊರು ಒಟ್ಟಿಗೆ ನಗುವಾಗ ನಾನೂ ನಗಬಹುದಿತ್ತು. ನೀನು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದೆ."

ಎರಡು ದಿನ ನಮ್ಮ ಮನೆಯಲ್ಲಿ ಒಂದೂ ಪ್ರಶ್ನೆ ಇರಲಿಲ್ಲ. ಪ್ರಶ್ನೆ ಇಲ್ಲದ ಮನೆ ಇಷ್ಟು ಖಾಲಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಕೂಡ ಊಟಕ್ಕೆ ಕೂತಾಗ "ಏನವ್ವಾ ಅನ್ನಕ್ಕ, ಏನರೆ ಕೇಳು?" ಅಂದು ನೋಡಿದರು. ಅವಳು ಚಟ್ನಿ ಕೇಳಿದಳು, ಅಷ್ಟೇ.

ಮೂರನೇ ದಿನ ನಾನೇ ಮಾಳಿಗೆ ಹತ್ತಿ ಕ್ಷಮೆ ಕೇಳಿದೆ. ಅವಳು ಒಂದು ಷರತ್ತು ಹಾಕಿದಳು. ಹಣಮವ್ವನನ್ನು ಕರೆಸಬೇಕು. ಅವಳು ಹಾಡಬೇಕು. ನಾನು ಎಲ್ಲರ ಮುಂದೆ ಕೂತು ಪ್ರತಿ ನುಡಿಯ ಅರ್ಥವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು.

ಎಲ್ಲರ ಮುಂದೆ!

ಪಡಸಾಲೆಯಲ್ಲಿ ಕೂತೆವು. ಹಣಮವ್ವ, ಅನ್ನೆಕೆ, ವಿಭೂತಿ ಹಚ್ಚಿದ ಅತ್ತೆ. ಅಂಗಡಿಯ ಕಡೆಯಿಂದ ತಕ್ಕಡಿ ಒರೆಸುವ ಸದ್ದು. ನಾನು ನೆಲದ ಮೇಲಿನ ಒಂದು ಕಲ್ಲನ್ನು ಆರಿಸಿಕೊಂಡು, ಅದನ್ನೇ ನೋಡುತ್ತ, ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಐದನೇ ನುಡಿಗೆ ಬಂದಾಗ ಅತ್ತೆ ಕೈ ಎತ್ತಿದಳು.

"ತಪ್ಪು."

"ಅತ್ತೀ, ನಿನಗ ಇಂಗ್ಲಿಷ್ ಎಲ್ಲಿ ಬರ್ತದ?"

"ಇಂಗ್ಲಿಷ್ ಯಾಕ ಬೇಕು? ಹಣಮಿ ಇಷ್ಟುದ್ದ ಹಾಡಿದಳು, ನೀ ಎರಡು ಮಾತಿಗೆ ಮುಗಿಸಿದಿ. ನಡುವಿಂದು ನುಂಗಿದಿ. ಪೂರಾ ಹೇಳು."

ಯಾರ ಮರ್ಯಾದೆ ಉಳಿಸಲು ನಾನು ಇಷ್ಟೆಲ್ಲ ಮಾಡಿದ್ದೆನೋ, ಅದೇ ಅತ್ತೆ! ಅಷ್ಟಕ್ಕೇ ನಿಲ್ಲಲಿಲ್ಲ. ಹನ್ನೊಂದು ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡಳು.

"ನಮ್ಮ ಕೊಡೇಕಲ್ ಕಡೆ ಇನ್ನೊಂದು ನುಡಿ ಐತಿ."

ಹಾಡಿದಳು. ಆ ನುಡಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೂ ಸಂಪಾದಕರಿಗೂ ಒಳ್ಳೆಯ ಸಂಬಂಧವಿದೆ, ಅದು ಹಾಗೆಯೇ ಇರಲಿ. ಹಣಮವ್ವ ಮಾತ್ರ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೂತಳು.

"ಅಯ್ಯ ಅಕ್ಕಾರ! ಇಷ್ಟು ವರ್ಷ ಹೊತ್ತೀನಿ ಅಂವನ್ನ, ಇದು ನನಗೇ ಗೊತ್ತಿದ್ದಿಲ್ಲಲ್ರಿ!"

ಅಂಗಡಿಯಲ್ಲಿ ತಕ್ಕಡಿಯ ತಟ್ಟೆ ಕೆಳಗೆ ಬಿದ್ದ ಸದ್ದು. ಆ ನುಡಿಯ ಅರ್ಥವನ್ನೂ ಹೇಳಿದೆ, ನಡುವಿನದನ್ನು ನುಂಗದೆ. ಅನ್ನೆಕೆ ನಕ್ಕಳು. ಎರಡು ದಿನದ ಬಾಕಿ ಸೇರಿಸಿ, ಕಂಬಕ್ಕೆ ಒರಗಿ, ಕಣ್ಣೀರು ಒರೆಸಿಕೊಂಡು ನಕ್ಕಳು. ಅವಳನ್ನು ನೋಡಿ ಹಣಮವ್ವ, ಅವಳನ್ನು ನೋಡಿ ಅತ್ತೆ. ಕೊನೆಗೆ ನೆಲದ ಕಲ್ಲು ಬಿಟ್ಟು ನಾನೂ.

ಆಮೇಲೆ ಅನ್ನೆಕೆ ನೋಟ್‌ಬುಕ್ಕಿನಲ್ಲಿ ಹೊಸ ಅನುವಾದ ಬರೆದುಕೊಂಡಳು. ಹಳೆಯದನ್ನು ಹೊಡೆದುಹಾಕು ಅಂದೆ. ಒಪ್ಪಲಿಲ್ಲ. ಅದರ ಪಕ್ಕದಲ್ಲಿ "ಗೆಸ್ಟ್ ಲೆಕ್ಚರರ್ ಪಾಠಾಂತರ" ಎಂದು ಬರೆದು ಹಾಗೇ ಇಟ್ಟಳು. ಡಿಸೆಂಬರ್‌ನಲ್ಲಿ ಊರಿಗೆ ಹೋದಳು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಕಿಟಕಿಯಿಂದ ಕೂಗಿ ಕೇಳಿದ್ದು ಇಷ್ಟು: "ಅಪ್ಪ ಬೋರ್ಡು ಯಾವಾಗ ಬದಲಿಸುತ್ತಾರೆ?"

ಕತೆ ಮುಗಿಯಿತು ಅಂದುಕೊಂಡಿದ್ದೆ. ಕಳೆದ ವಾರ ಹಣಮವ್ವ ಈ ವರ್ಷದ ಜೋಕುಮಾರನನ್ನು ಹೊತ್ತು ಬಂದಳು. ನಮ್ಮ ಕಟ್ಟೆಯ ಮುಂದೆ ಎಂದೂ ಇಲ್ಲದ ಗುಂಪು. ಮೂರು ಓಣಿಗಳ ಹೆಂಗಸರು ಮಣೆ ಸಮೇತ ಬಂದಿದ್ದರು. ಅವರು ಬುಟ್ಟಿಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹನ್ನೊಂದು ನುಡಿ ಮುಗಿಯಿತು. ಅತ್ತೆಯ ಹನ್ನೆರಡನೆಯದೂ ಸೇರಿತ್ತು, ಅದೂ ಮುಗಿಯಿತು. ಆಮೇಲೆ ಹಣಮವ್ವ ನನ್ನ ಕಡೆ ತಿರುಗಿ ಇನ್ನೊಂದು ಎತ್ತಿದಳು.

"ಅಟ್ಟ ಏರ್ಯಾನ ಕುಮಾರ, ಜ್ವಾಳ ನೋಡಾಕಂತ,
ಧೋತರ ಬಿಟ್ಟು ಬಂದಾನ, ದಾನ ಮಾಡಾಕಂತ,
ಓದಿದ ಮೇಡಂ ಹೇಳ್ಯಾಳ, ಇದು ಖರೇ ಐತ್ಯಂತ!"

ಇಡೀ ಓಣಿ ಕೊನೆಯ ಸಾಲನ್ನು ಮೂರು ಸಲ ಹಾಡಿತು. ಒಂದು ಕೆಟ್ಟ ಶಬ್ದವಿಲ್ಲದ ನುಡಿ. ಆದರೆ ಉಳಿದ ಹನ್ನೆರಡಕ್ಕಿಂತ ಹೆಚ್ಚು ನಕ್ಕಿದ್ದು ಇದಕ್ಕೇ.

"ಹಣಮವ್ವಾ, ಇದನ್ನ ಯಾರು ಕಟ್ಟಿದ್ರು?" ಅಂದೆ.

"ನೀನ ಕಟ್ಟೀದಿ ತಂಗಿ. ನಾ ಬರೇ ರಾಗ ಹಚ್ಚೀನಿ."

ದೇವಾಪುರದಲ್ಲೂ ಹಾಡಿ ಬಂದಿದ್ದಾಳಂತೆ. ವನದುರ್ಗದಲ್ಲಿರುವ ಅವಳ ಬೀಗರು ಬರೆಸಿಕೊಂಡು ಹೋಗಿದ್ದಾರಂತೆ. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅನ್ನೆಕೆಗೆ ಕಳಿಸಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು: "ಅರ್ಥ ಹೇಳು."

ಜೋಕುಮಾರನ ಆಯುಷ್ಯ ಏಳೇ ದಿನ. ನನ್ನ ಸುಳ್ಳಿಗೆ ಎಷ್ಟು ಅಂತ ಯಾರಾದರೂ ಹೇಳುತ್ತೀರಾ?